ಸೀರೆಯ ಅಂಚಿಗೆ ಎಷ್ಟು ಜಿಬಿ ಬೇಕು

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮನೆಗೊಂದು ಮಗ್ಗ. ಆ ಮಗ್ಗಗಳಿಗೆ ಸೀರೆಯ ಅಂಚು, ಸೆರಗಿನ ಡಿಸೈನ್ ಬರೆದುಕೊಡುವುದು ನನ್ನ ಕಸುಬು. ಮೊದಲು ಗ್ರಾಫ್ ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದೆ, ಈಗ ಕಂಪ್ಯೂಟರಿನಲ್ಲಿ. ಆ ಕಂಪ್ಯೂಟರಿಗೆ ವಯಸ್ಸಾಗಿತ್ತು. ಬೆಳಿಗ್ಗೆ ಸ್ವಿಚ್ ಒತ್ತಿ ಹೋದವನು ಸ್ನಾನ, ಪೂಜೆ, ತಿಂಡಿ ಮುಗಿಸಿ ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ಮಗ್ಗದವರು ಬಾಗಿಲಿಗೆ ಬಂದು ಡಿಸೈನ್ ಆಯಿತೇ ಎಂದರೆ, ಇನ್ನೂ ಎದ್ದಿಲ್ಲ ಎನ್ನುತ್ತಿದ್ದೆ. ಮನೆಯಲ್ಲಿ ಯಾರಿಗೆ ಹುಷಾರಿಲ್ಲವೋ ಎಂದು ಪಾಪ, ಅವರು ಒಳಗೆ ಇಣುಕುತ್ತಿದ್ದರು.

ಹಳೆಯ ಹಾರ್ಡ್ ಡಿಸ್ಕ್ ತೆಗೆಸಿ ಎಸ್ಎಸ್‌ಡಿ ಹಾಕಿಸಿದರೆ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಶುರುವಾಗುತ್ತದೆ ಎಂದು ಎಲ್ಲರೂ ಹೇಳಿದರು. ಎಷ್ಟು ದೊಡ್ಡದು ಹಾಕಿಸಬೇಕೆಂದು ಮಾತ್ರ ನಾನು ಯಾರನ್ನೂ ಕೇಳಲಿಲ್ಲ. ಅದರ ಲೆಕ್ಕ ನನ್ನ ಹತ್ತಿರವೇ ಇತ್ತು.

ಆ ಲೆಕ್ಕ ಬಂದದ್ದು ನಮ್ಮ ಅಟ್ಟದಿಂದ. ಕಂಪ್ಯೂಟರ್ ಬರುವ ಮುಂಚೆ ಪ್ರತಿ ಡಿಸೈನಿಗೂ ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆದು, ಅವನ್ನು ದಾರದಲ್ಲಿ ಸಾಲಾಗಿ ಹೆಣೆದು, ಮಗ್ಗದ ನೆತ್ತಿಯ ಮೇಲೆ ತೂಗುಹಾಕಬೇಕಿತ್ತು. ತೂತಿದ್ದ ಕಡೆ ಮಗ್ಗ ಎಳೆ ಎತ್ತುತ್ತದೆ, ಇಲ್ಲದ ಕಡೆ ಬಿಡುತ್ತದೆ. ಒಂದು ಅಗಲದ ಅಂಚಿನ ಕಾರ್ಡುಗಳ ಕಟ್ಟನ್ನು ಏಣಿ ಹತ್ತಿಸುವಷ್ಟರಲ್ಲಿ ಸೊಂಟ ಹಿಡಿದುಕೊಳ್ಳುತ್ತಿತ್ತು. ವ್ಯಾಪಾರಿ ಯಾವ ಅಂಚನ್ನು ಯಾವಾಗ ಮತ್ತೆ ಕೇಳುತ್ತಾನೋ ಗೊತ್ತಿಲ್ಲವಾದ್ದರಿಂದ ನಮ್ಮಲ್ಲಿ ಯಾರೂ ಹಳೆಯ ಕಟ್ಟು ಎಸೆಯುವುದಿಲ್ಲ. ನಮ್ಮ ಅಟ್ಟದಲ್ಲಿ ಇಲಿಗೂ ಜಾಗವಿಲ್ಲ ಎಂದು ಹೆಂಡತಿ ಗೊಣಗುತ್ತಾಳೆ. ಆ ಅಟ್ಟವನ್ನೆಲ್ಲ ಒಂದೊಂದಾಗಿ ಕಂಪ್ಯೂಟರಿಗೆ ಏರಿಸಿದ್ದೆ. ಅದರ ಮೇಲೆ ಹೊಸವೂ ಸೇರಿದ್ದವು, ಡಿಸ್ಕ್ ತುಂಬಿಹೋಗಿತ್ತು. ಹಾಗಾಗಿ ಒಂದು ಟಿಬಿಗಿಂತ, ಅಂದರೆ ಸಾವಿರ ಜಿಬಿಗಿಂತ, ಕಡಿಮೆಯಾದರೆ ಆಗದು ಎಂದು ತೀರ್ಮಾನಿಸಿ, ಹೆಂಡತಿಗೂ ಹೇಳಿದೆ, ಟೀ ಅಂಗಡಿಯಲ್ಲೂ ಹೇಳಿದೆ. ಹೇಳುವಾಗ ಎದೆ ಉಬ್ಬುತ್ತಿತ್ತು ಎಂಬುದನ್ನೇಕೆ ಮುಚ್ಚಿಡಲಿ? ಅಂಚು ಬರೆದವನ ಹೆಸರು ಯಾವ ಸೀರೆಯ ಮೇಲೂ ಇರುವುದಿಲ್ಲ. ಇಷ್ಟು ಮಾಡಿದ್ದೇನೆ ಎಂದು ನಾಲ್ಕು ಜನಕ್ಕೆ ತೋರಿಸಲು ನನಗೆ ಸಿಕ್ಕಿದ್ದು ಅದೊಂದೇ ಅಳತೆ.

ಸಿಪಿಯುವನ್ನು ಹಳೆಯ ಸೀರೆಯಲ್ಲಿ ಸುತ್ತಿ, ಸ್ಕೂಟರಿನಲ್ಲಿ ಕಾಲ ಸಂದಿಗೆ ಇಟ್ಟುಕೊಂಡು ಬಸ್ ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಅಂಗಡಿಗೆ ಹೋದೆ. ಅಂಗಡಿಯವರು ಮನೆಯಲ್ಲಿ ಉರ್ದು, ನಮ್ಮ ಜೊತೆ ಕನ್ನಡ, ಚೌಕಾಸಿಗೆ ಇಳಿದರೆ ತೆಲುಗು ಆಡುವ ಮನುಷ್ಯ. ಒಂದು ಟಿಬಿ ಎಂದ ಕೂಡಲೇ ಅವರು ಇದರಲ್ಲಿ ಅಂಥದ್ದೇನಿದೆ ಎಂದು ಕೇಳಿದರು. ನನ್ನ ಇಡೀ ಜೀವಮಾನದ ಕೆಲಸ ಎಂದೆ. ಮೊಬೈಲ್ ರಿಪೇರಿಗೆ ಕಾಯುತ್ತಿದ್ದ ಇಬ್ಬರು ಮರ್ಯಾದೆಯಿಂದ ನನ್ನ ಕಡೆ ತಿರುಗಿದರು.

ಅಂಗಡಿಯವರು ನನ್ನ ಡಿಸೈನ್ ಫೋಲ್ಡರಿನ ಮೇಲೆ ಕ್ಲಿಕ್ ಮಾಡಿ ಅಳತೆ ತೆಗೆದರು. ಒಂದು ಜಿಬಿ ಕೂಡ ತುಂಬಿರಲಿಲ್ಲ. ಇನ್ನೂ ಎಣಿಸುತ್ತಿರಬಹುದು, ಸ್ವಲ್ಪ ತಾಳಿ ಎಂದೆ. ತಾಳಿದರು. ಅದು ಎಣಿಸಿ ಮುಗಿಸಿತ್ತು.

"ಬೇಜಾರ್ ಮಾಡ್ಕೋಬೇಡಿ ಅಣ್ಣಾ," ಎಂದರು. "ನಿಮ್ಮ ಅಂಚೆಲ್ಲಾ ಒಂದು ಪೆನ್‌ಡ್ರೈವ್ ಮೂಲೇಲಿ ಕೂರ್ತಾವೆ."

ಅಂಚು ಎಂದರೆ ಬರೀ ಚುಕ್ಕಿ. ಒಂದೋ ತೂತು ಇದೆ, ಇಲ್ಲವೇ ಇಲ್ಲ. ಕಂಪ್ಯೂಟರಿಗೆ ಅಷ್ಟು ಗೊತ್ತಾದರೆ ಸಾಕು. ನಾನು ರಟ್ಟಿನ ಭಾರ, ದಾರದ ಭಾರ, ನನ್ನ ಸೊಂಟದ ನೋವು ಎಲ್ಲವನ್ನೂ ಜಿಬಿಯಲ್ಲಿ ಸೇರಿಸಿಕೊಂಡಿದ್ದೆ. ಕಾಯುತ್ತಿದ್ದ ಇಬ್ಬರೂ ತಮ್ಮ ಮೊಬೈಲಿನ ಕಡೆ ತಿರುಗಿಕೊಂಡರು.

ಹಾಗಾದರೆ ಡಿಸ್ಕ್ ತುಂಬಿದ್ದು ಯಾರಿಂದ? ನನ್ನ ಹೆಂಡತಿಯಿಂದ. ಮೊಬೈಲ್ ತುಂಬಿದಾಗಲೆಲ್ಲ ಅವಳು ವಿಡಿಯೋಗಳನ್ನು ತಂದು ಕಂಪ್ಯೂಟರಿಗೆ ಸುರಿಯುತ್ತಾಳೆ. ನಾಮಕರಣ, ಸೀಮಂತ, ಗೃಹಪ್ರವೇಶ ಎಲ್ಲ ಸೇರಿ ಇನ್ನೂರು ಜಿಬಿ ದಾಟಿತ್ತು. ಇವನ್ನು ಅಳಿಸಿಬಿಟ್ಟರೆ ಅತಿ ಚಿಕ್ಕ ಎಸ್ಎಸ್‌ಡಿಯೇ ಧಾರಾಳವಾಗುತ್ತದೆ ಎಂದರು ಅಂಗಡಿಯವರು. ನನ್ನ ಕೆಲಸವೇ ಅಷ್ಟೇ ಆದ ಮೇಲೆ ಯಾರದೋ ಮನೆಯ ಹಾಲು ಉಕ್ಕಿಸುವುದು ಯಾಕಿರಬೇಕು ಎಂಬ ಉರಿಯಲ್ಲಿ ಮನೆಗೆ ಫೋನ್ ಮಾಡಿದೆ. ಅಳತೆಯ ವಿಷಯ ಎತ್ತಲಿಲ್ಲ, ವಿಡಿಯೋ ಅಳಿಸಲೇ ಎಂದಷ್ಟೇ ಕೇಳಿದೆ.

"ಮುಟ್ಟಿದ್ರೆ ನೋಡಿ ಮತ್ತೆ," ಎಂದಳು. "ತಂಗಿ ಗೃಹಪ್ರವೇಶದ್ರಲ್ಲಿ ನಾನು ಹಸಿರು ಸೀರೆ ಉಟ್ಟಿದೀನಿ. ಅವತ್ತು ಇಸ್ಕೊಂಡೋಳು ಇವತ್ತಿಗೂ ಕೊಟ್ಟಿಲ್ಲ. ಅದು ನನ್ನದು ಅನ್ನೋಕೆ ಆ ವಿಡಿಯೋ ಒಂದೇ ಸಾಕ್ಷಿ."

ಯಾವ ಹಸಿರು ಸೀರೆ ಎಂದು ನೋಡಲು ಅಂಗಡಿಯಲ್ಲೇ ಆ ವಿಡಿಯೋ ಹಾಕಿಸಿದೆ. ಹಾಲು ಉಕ್ಕುವುದಕ್ಕೆ ಒಪ್ಪುತ್ತಿರಲಿಲ್ಲ. ಮೊಬೈಲ್ ಹಿಡಿದವರು ಯಾರೋ, ಹೆಂಗಸರ ತಲೆಗಳನ್ನೆಲ್ಲ ಹಾರಿಸಿ ನೆಲದಿಂದ ಮೊಣಕಾಲಿನವರೆಗೆ ಮಾತ್ರ ಹಿಡಿದಿದ್ದರು. ಪರದೆಯ ತುಂಬ ಸೀರೆಯ ಅಂಚುಗಳೇ. ಹಸಿರು ಸೀರೆಯ ಹಂಸದ ಸಾಲು ನನ್ನದು. ಪಕ್ಕದಲ್ಲಿ ಯಾರೋ ಉಟ್ಟಿದ್ದ ಮಾವಿನಕಾಯಿ ಅಂಚೂ ನನ್ನದೇ, ಆಚೆಯ ಗೋಪುರದ ಅಂಚೂ ನನ್ನದೇ. ನಾದಿನಿಯದು ಮಾತ್ರ ಬೇರೆ ಯಾರೋ ಬರೆದದ್ದು, ಬಳ್ಳಿಯ ತಿರುವೇ ಸರಿಯಿಲ್ಲ.

ಅಂಚನ್ನು ನಾನು ಕಂಡಿದ್ದು ಚುಕ್ಕಿಗಳಾಗಿ, ಆಮೇಲೆ ಮಗ್ಗದ ಮೇಲೆ ಗೇಣುದ್ದ. ಸೀರೆ ಮಡಿಕೆಯಾಗಿ ಬೆಂಗಳೂರಿಗೆ ಹೋದರೆ ಅಲ್ಲಿಗೆ ಮುಗಿಯಿತು. ಹೆಂಡತಿ ಮನೆಯಲ್ಲೇ ಉಟ್ಟು ಓಡಾಡುತ್ತಾಳೆ, ನಿಜ. ಆದರೆ ನಾನು ಯಾವಾಗಲೂ ಕಂಪ್ಯೂಟರಿನ ಕಡೆ ಮುಖ ಮಾಡಿ ಕೂತಿರುತ್ತೇನೆ. ಈಗ ಅವಳು ಒಲೆಯ ಕಡೆ ಬಾಗಿದಾಗ ನೆರಿಗೆಯ ಜೊತೆ ಹಂಸಗಳೂ ಬಾಗಿದವು, ಅವಳು ತಿರುಗಿದಾಗ ತಿರುಗಿದವು. ನನಗೆ ಕಣ್ಣು ತುಂಬಿ ಬಂತು. ಕೊನೆಗೆ ಹಾಲೂ ಉಕ್ಕಿತು.

ಎಲ್ಲ ಇಟ್ಟುಕೊಂಡರೂ ಐನೂರ ಹನ್ನೆರಡು ಜಿಬಿ ಸಾಕು ಎಂದರು ಅಂಗಡಿಯವರು. ಒಂದು ಟಿಬಿಯೇ ಹಾಕಿ, ಅವಳು ವಿಡಿಯೋ ಮಾಡುವುದನ್ನು ನಿಲ್ಲಿಸುವವಳಲ್ಲ ಎಂದೆ.

ಈಗ ಕಂಪ್ಯೂಟರ್ ನಾನು ಕೂರುವ ಮೊದಲೇ ಎದ್ದಿರುತ್ತದೆ. ಮಾರನೆಯ ದಿನ ಹೆಂಡತಿ ಗೇಟಿನ ಹತ್ತಿರ ಪಕ್ಕದ ಮನೆಯವರಿಗೆ, ನಮ್ಮನೆಯವರು ಬರೆದದ್ದು ಹಿಡಿಸುವುದಕ್ಕೆ ಒಂದು ಟಿಬಿಯೇ ಬೇಕಾಯಿತಂತೆ ಎಂದು ಹೇಳುತ್ತಿದ್ದಳು. ನಾನು ಒಳಗೆ ಕೂತು ಅವಳ ವಿಡಿಯೋಗಳನ್ನೆಲ್ಲ ತೆಗೆದು ನನ್ನ ಡಿಸೈನ್ ಫೋಲ್ಡರಿಗೆ ಹಾಕಿದೆ. ಈಗ ಯಾರು ಅಳತೆ ತೆಗೆದರೂ ಇನ್ನೂರು ಜಿಬಿ ದಾಟುತ್ತದೆ.