ಅಳುವ ಓನೆಸೀಮನ ಕಾರ್ನೆಟ್

ಓನೆಸೀಮ್ ಬಾರ್ತೆಲೆಮಿಯನ್ನು ನಮ್ಮ ನ್ಯೂ ಆರ್ಲಿಯನ್ಸಿನ ಟ್ರೆಮೆ ಕೇರಿಯವರು ಈಗಲೂ ಮಹಾ ವಾದ್ಯಗಾರನೆಂದು ಹೊಗಳುತ್ತಾರೆ. ಹೊಗಳಲಿ. ಹದಿನಾರು ವರ್ಷ ಅವನ ಮಗ್ಗುಲಲ್ಲಿ ನಿಂತು ಎರಡನೆಯ ಕಾರ್ನೆಟ್ ಊದಿದವನು ನಾನು. ಆ ಮನುಷ್ಯನ ತುತ್ತೂರಿಗಿಂತ ಮಾತಿನಲ್ಲೇ ಗಾಳಿ ಹೆಚ್ಚಾಗಿತ್ತು.

ಹಗಲು ಸಿಗಾರ್ ಸುತ್ತುವ ಕೆಲಸ ಅವನದು. ಕಾಗದದ ಮೇಲಿನ ಸ್ವರಗಳನ್ನು ತಪ್ಪಿಲ್ಲದೆ ಓದುತ್ತಿದ್ದ, ನಿಜ. ಆದರೆ ಅವನು ಊದಿದ ಒಂದೊಂದು ಸ್ವರವೂ ಗಂಜಿ ಹಾಕಿ ಇಸ್ತ್ರಿ ಮಾಡಿದ ಅಂಗಿಯಂತಿರುತ್ತಿತ್ತು: ಕೊಳೆಯಿಲ್ಲ, ಒಳಗೆ ಮನುಷ್ಯನೂ ಇಲ್ಲ. ನಾವು ಟ್ರೆಮೆಯವರು ಫ್ರೆಂಚ್ ರಕ್ತ ಬೆರೆತವರು; ಕೆನಾಲ್ ಬೀದಿಯಾಚೆಯ ಕರಿಯರು ಓದಲು ಬಾರದೆ ಕಿವಿಯಿಂದಲೇ ಕಲಿತು, ಸ್ವರವನ್ನು ಬಗ್ಗಿಸಿ ಜಗ್ಗಿಸಿ ಊದುತ್ತಿದ್ದರು. ಅವರನ್ನು ಕಂಡರೆ ಇವನು ಮೂಗು ಮುರಿಯುತ್ತಿದ್ದ.

"ಅದೂ ಒಂದು ಊದೋದಾ ಲಿಯಾನ್ಸ್? ಹಸು ಈಯೋವಾಗ ಹಂಗೇ ಕೂಗುತ್ತೆ" ಎಂದು ನನಗೆ ಹೇಳುತ್ತಿದ್ದ.

ಒಂದು ಭಾನುವಾರ ಮಧ್ಯಾಹ್ನ ನಮ್ಮ ಬ್ಯಾಂಡಿನ ಗಾಡಿಗೆ ಅವರ ಗಾಡಿ ಎದುರಾಯಿತು. ಜನ ಬಿಡುತ್ತಾರೆಯೇ? ಎರಡೂ ಗಾಡಿಗಳ ಚಕ್ರಗಳನ್ನು ಹಗ್ಗದಿಂದ ಬಿಗಿದರು. ಊದುವ ಪಂದ್ಯದಲ್ಲಿ ಒಂದು ಬ್ಯಾಂಡ್ ಸೋಲುವವರೆಗೂ ಯಾರೂ ಓಡುವಂತಿಲ್ಲ. ಅವರ ಕಡೆ ಹಡಗುಕಟ್ಟೆಯ ಹಮಾಲಿ ಟೋಬಿ ಗ್ರಿಗ್ಸ್‌ಬಿ. ಕುಳಿತೇ ಊದಿದ. ಬೀದಿಯೇ ಕುಣಿಯಿತು. ಓನೆಸೀಮ್ ಅವನ ಸದ್ದನ್ನು ಮೀರಿಸಲು ಹೋಗಿ, ಕಣ್ಣುಗುಡ್ಡೆ ಹೊರಬರುವಂತೆ ತಿದಿಯಂತೆ ಊದಿ, ತುಟಿ ಸೀಳಿಕೊಂಡ.

ಮರುದಿನ ಬೆಳಿಗ್ಗೆ ನಮ್ಮಿಬ್ಬರಿಗೂ ಪಾಠ ಹೇಳಿದ್ದ ಪ್ರೊಫೆಸರ್ ದುಪ್ರೆಯವರ ಶವಯಾತ್ರೆ. ಪೆಟ್ಟಿಗೆಯ ಮುಂದೆ ನಿಧಾನವಾಗಿ ನಡೆಯುತ್ತ ನಾವು ಪ್ರಾರ್ಥನೆಯ ಹಾಡು ಊದುತ್ತಿದ್ದೆವು. ಎತ್ತರದ ಸ್ವರ ಬಂದಾಗ ಓನೆಸೀಮನ ಕಾರ್ನೆಟ್ಟಿನಿಂದ ಬರೀ ಬುಸ್ಸೆಂಬ ಗಾಳಿ ಹೊರಟಿತು. ತಕ್ಷಣ ಅವನು ವಾದ್ಯ ಇಳಿಸಿ, ತಲೆ ತಗ್ಗಿಸಿ, ಬಿಕ್ಕುವವನಂತೆ ಭುಜ ಕುಣಿಸತೊಡಗಿದ. ಸಾಲು ಮುರಿಯಬಾರದೆಂದು ಅವನ ಭಾಗವನ್ನು ನಾನೇ ಊದಿದೆ. ಗುರುಗಳು ನಿಜಕ್ಕೂ ಸತ್ತಿದ್ದರು. ನನ್ನ ಸ್ವರ ತಾನಾಗಿ ನಡುಗಿತು.

"ಅಯ್ಯೋ, ಗುರು ಮೇಲೆ ಏನ್ ಪ್ರೀತಿ ನೋಡ್ರೇ! ಊದೋಕೂ ಆಗ್ತಿಲ್ಲ ಪಾಪ" ಎಂದು ಹೆಂಗಸರು ಅವನನ್ನು ತೋರಿಸಿ ಕಣ್ಣೊರೆಸಿಕೊಂಡರು.

ಸ್ಮಶಾನದ ಗೇಟಿನಲ್ಲಿ ಅವನು ನನ್ನ ತೋಳು ಹಿಡಿದ. "ಬಾಯ್ ಮುಚ್ಕೊಂಡಿರು. ಬ್ಯಾಂಡ್ ನಂದು, ನೆನಪಿರ್ಲಿ."

ಅಲ್ಲಿಂದ, ಸದಸ್ಯರ ಶವಯಾತ್ರೆ ನಡೆಸುವ ಊರಿನ ಸಂಘಗಳೆಲ್ಲ ತಮ್ಮವರ ಸಾವಿಗೆ ಅಳುವ ಓನೆಸೀಮನೇ ಬೇಕೆಂದವು. ತುಟಿ ವಾಸಿಯಾದರೂ ಅವನ ಅಳು ವಾಸಿಯಾಗಲಿಲ್ಲ. ಮುಖ ನೋಡದ ಹೆಣಕ್ಕೂ ಅದೇ ಹಾಡಿನ ಅದೇ ಜಾಗದಲ್ಲಿ ಅಳುತ್ತಿದ್ದ, ನಾನು ಊದುತ್ತಿದ್ದೆ.

"ಊದೋನು ನೀನು, ಹೊಗಳಿಸ್ಕೊಳ್ಳೋನು ಅವ್ನು. ಅವನಿಗಂತೂ ಮಾನ ಇಲ್ಲ, ನಿಂಗೆ?" ಎಂದು ನನ್ನ ಹೆಂಡತಿ ಯೂಲಾಲಿ ಕೇಳಿದಳು. ಬ್ಯಾಂಡ್ ಬಿಟ್ಟರೆ ನನ್ನನ್ನು ಕೇಳುವವರಿಲ್ಲ ಎಂಬ ಅಂಜಿಕೆ ನನ್ನದು.

ಅವನ ಹೆಸರು ಕೇಳಿ ಚಿಕಾಗೋದ ಕುಣಿತದ ಸಭಾಂಗಣವೊಂದು ಕರೆಸಿಕೊಂಡಿತು. ಅಲ್ಲಿ ಕುಣಿಯುವವರಿದ್ದರು, ಸತ್ತವರಿರಲಿಲ್ಲ. ನಾಲ್ಕೇ ದಿನಕ್ಕೆ ವಾಪಸಾದ.

"ಏನ್ ಚಳಿ ಅಂತೀಯಾ ಮಾರಾಯ! ತುಟಿ ಒಡ್ದೋಗತ್ತೆ" ಎಂದ. ಅದು ಜುಲೈ ತಿಂಗಳು, ಅಲ್ಲಿ ಕಡುಬೇಸಿಗೆ.

ಹಲ್ಲು ಬಿದ್ದ ಮೇಲೆ ಕ್ಷೌರದಂಗಡಿಯ ಬೆಂಚೇ ಅವನ ದರ್ಬಾರಾಯಿತು. ಶವಯಾತ್ರೆಯಲ್ಲಿ ಸ್ವರ ನಡುಗಿಸುವ ರೀತಿಯನ್ನು ಈ ಊರಿಗೆ ಕಲಿಸಿದವನು ತಾನೇ ಎಂದು ಒಂದು ದಿನ ನಾನು ಕುಳಿತಿರುವಾಗಲೇ ಹೇಳಿದ.

"ಸುಳ್ಳು" ಎಂದೆ. "ಅದನ್ನ ಊದಿದ್ದು ನಾನು. ಇವ್ನು ಒಂದ್ಸಲಾನೂ ಊದಿಲ್ಲ."

ಅಂಗಡಿಯೆಲ್ಲ ನಕ್ಕಿತು. "ಹೊಟ್ಟೆಕಿಚ್ಚು ಕಣಣ್ಣ ನಿಂಗೆ" ಎಂದ ಕ್ಷೌರಿಕ. ಓನೆಸೀಮ್ ದೊಡ್ಡ ಮನಸ್ಸಿನವನಂತೆ ಕೈಯಾಡಿಸಿ, "ಬಿಡ್ರಪ್ಪಾ, ಪಾಪ, ವಯಸ್ಸಾಯ್ತು" ಎಂದ.

ಅವನು ಸತ್ತಾಗ ಮೂರು ಬ್ಯಾಂಡುಗಳು ಬಂದವು. ನಾನು ಹೋಗಲಿಲ್ಲ.