ಟೋಕನ್ನಿಗೆ ಎಷ್ಟು ಪರ್ಮಿಷನ್

ತುಮಕೂರಿನ ನಮ್ಮ ಮನೆಬಾಗಿಲ ರಂಗೋಲಿಯ ಫೋಟೋಗಳನ್ನು ದಿನವೂ ನನ್ನ ಪೇಜಿಗೆ ತಾನಾಗಿ ಹಾಕುವ ಕಂಪ್ಯೂಟರ್ ಸ್ಕ್ರಿಪ್ಟನ್ನು ಗುಬ್ಬಿಯಲ್ಲಿರುವ ಸೊಸೆ ಬರೆದಳು. "ಪಾಸ್‌ವರ್ಡ್ ಬೇಡ ಅತ್ತೆ, ಟೋಕನ್ ಸಾಕು, ಸ್ಕ್ರಿಪ್ಟಿಗೆ ಕೊಡೋ ಅನುಮತಿ ಚೀಟಿ ಅದು. ಇಲ್ಲಿ 'ಅಲೋ' ಬಟನ್ ಒತ್ತಿ," ಎಂದು ಮನೆಗೆ ಬಂದಾಗ ಫೋನಿನಲ್ಲಿ ತೋರಿಸಿದಳು.

ಓದದೆ ಸೈನ್ ಮಾಡಬಾರದೆಂದು ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರು. ಕನ್ನಡಕ ಹಾಕಿಕೊಂಡು ಪರ್ಮಿಷನ್ ಪಟ್ಟಿ ಓದಿದೆ. ಪೋಸ್ಟ್ ಮಾಡುವುದಕ್ಕಲ್ಲದೆ ನನ್ನ ಮೆಸೇಜ್ ಓದುವುದಕ್ಕೂ ಟಿಕ್ ಬಿದ್ದಿತ್ತು. ಕುಣಿಗಲ್ಲಿನ ತಂಗಿಗೆ ನಾನು ಕಳಿಸುವ ಮೆಸೇಜುಗಳ ತುಂಬ ಈ ಸೊಸೆಯ ಮೇಲಿನ ದೂರುಗಳೇ.

"ಇದ್ಯಾಕೆ ಟಿಕ್ ಆಗಿದೆ?"

"ಅಭ್ಯಾಸಕ್ಕೆ ಎಲ್ಲಾನೂ ಟಿಕ್ ಮಾಡ್ಬಿಟ್ಟೆ ಅತ್ತೆ. ಯಾಕೆ, ನನ್ ಬಗ್ಗೆ ಏನಾದ್ರೂ ಬರ್ದಿದೀರಾ?" ಎಂದು ಸೊಸೆ ನಕ್ಕಳು.

ನನಗೆ ನಗು ಬರಲಿಲ್ಲ. ಆ ಟಿಕ್ ತೆಗೆಸಿ, ಆಮೇಲೆ ಅಲೋ ಒತ್ತಿದೆ. ಮರುದಿನ ರಂಗೋಲಿ ಸರಿಯಾಗಿಯೇ ಪೋಸ್ಟ್ ಆಯಿತು. ಆದರೂ ತಂಗಿಗೆ ಫೋನ್ ಮಾಡಿ, "ಇನ್ಮೇಲೆ ಮೆಸೇಜ್ ಬೇಡ ಕಣೇ, ಹಿಂಗೇ ಮಾತಾಡೋಣ," ಎಂದೆ.