ಹದಿನಾಲ್ಕನೇ ಪ್ರತಿ

ನಮ್ಮ ಕಿವಿ ಆಸ್ಪತ್ರೆಯಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಮೆಟ್ಟಿಲಿಳಿಯುವವರಿಗೆ, ಬಿಸಿ ಲೋಟ ಹಿಡಿದವರಿಗೆ, ಕೊನೆಗೆ ದೊಡ್ಡ ಡಾಕ್ಟರಿಗೂ ಅವರು ಹೇಳುವುದು ಒಂದೇ ಮಾತು, "ಜೋಪಾನ." ಹಾಗಾಗಿ ಎಲ್ಲರಿಗೂ ಅವರು ಜೋಪಾನಣ್ಣ.

ಕೆಲಸಕ್ಕೆ ಸೇರಿದ್ದು ಲಿಫ್ಟ್ ನಡೆಸಲು. ತಾನಾಗಿ ಓಡುವ ಲಿಫ್ಟ್ ಬಂದ ಮೇಲೆ ಅವರನ್ನು ನೆಲಮಾಳಿಗೆಯ ಕಂಪ್ಯೂಟರ್ ಕೋಣೆಯ ದೂಳೊರೆಸಲು ಹಾಕಿದರು. ಒರೆಸುತ್ತ ನೋಡಿದರು, ಕೇಳಿದರು, ಕೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಈಗ ಹನ್ನೊಂದು ವರ್ಷದಿಂದ ಆಸ್ಪತ್ರೆಯ ಬ್ಯಾಕಪ್ ಪೂರ್ತಿ ಅವರ ಕೈಯಲ್ಲಿದೆ. ನನ್ನ ಟೆಲಿಫೋನ್ ಮೇಜು ಇರುವುದು ಅವರ ಮೆಟ್ಟಿಲ ಬಾಯಲ್ಲೇ. ಅದಕ್ಕೇ ನನಗೆ ಇಷ್ಟೆಲ್ಲ ಗೊತ್ತು.

ಅವರ ಕೋಣೆಯಲ್ಲಿರುವುದು ಒಂದೇ ದೊಡ್ಡ ಯಂತ್ರ. ಅದರ ಹೊಟ್ಟೆಯಲ್ಲಿ ಸಾಫ್ಟ್‌ವೇರಿನಿಂದಲೇ ಕಟ್ಟಿದ ಏಳು ಯಂತ್ರಗಳಿವೆ. ವರ್ಚುವಲ್ ಮೆಷಿನ್ ಎನ್ನುತ್ತಾರೆ. ಒಂದರಲ್ಲಿ ರೋಗಿಗಳ ದಾಖಲೆ, ಒಂದರಲ್ಲಿ ಪತ್ರವ್ಯವಹಾರ, ಹೀಗೆ. ಪ್ರತಿದಿನ ಮಧ್ಯಾಹ್ನ ಒಂದು ಗಂಟೆಗೆ, ಊಟದ ಬಿಡುವಿನಲ್ಲಿ, ಏಳಕ್ಕೂ ಒಂದೊಂದು ಪ್ರತಿ ತಯಾರಾಗುತ್ತದೆ. ಹದಿನಾಲ್ಕು ದಿನದ ಪ್ರತಿಗಳಿಗಷ್ಟೇ ಜಾಗ. ಹೊಸದು ಬಂದಾಗ ಎಲ್ಲಕ್ಕಿಂತ ಹಳೆಯದು ಅಳಿಯುತ್ತದೆ.

ಅವರದೊಂದು ಪದ್ಧತಿಯಿತ್ತು. ಪ್ರತಿ ಶುಕ್ರವಾರ ಯಾವುದೋ ಒಂದು ಪ್ರತಿಯನ್ನು ತೆರೆದು, ಅದರಿಂದ ಒಬ್ಬ ರೋಗಿಯ ಒಂದೇ ದಾಖಲೆಯನ್ನು ಹೊರಗೆ ತೆಗೆದು ಸರಿಯಿದೆಯೇ ಎಂದು ನೋಡುವುದು. ಮ್ಯಾನೇಜರ್ ಛೇಡಿಸುತ್ತಿದ್ದರು, "ಯಾರೂ ಕೇಳದೆ ಇದ್ದಿದ್ದನ್ನ ಹುಡುಕಿಕೊಡೋದ್ರಲ್ಲಿ ನಿಮ್ಮನ್ನ ಮೀರಿಸೋರಿಲ್ಲ." ಇವರು ನಕ್ಕು ನೋಟ್‌ಬುಕ್ಕಿನಲ್ಲಿ ಗುರುತು ಹಾಕುತ್ತಿದ್ದರು. ಹೊಲಿಗೆ ಮಾಡುವ ಅವರ ಹೆಂಡತಿ ಒಮ್ಮೆ ನನಗೆ ಹೇಳಿದ್ದಳು, "ಮನೇಲಿ ಇರೋದು ಒಂದು ಬೀಗ, ಕೀಲಿಕೈ ಐದು. ಮದುವೆಗೆ ಮುಂಚೆ ನನ್ನನ್ನೂ ಎರಡು ಸಲ ನೋಡೋಕೆ ಬಂದಿದ್ರು. ಮೊದಲ್ನೇ ಸಲ ನೋಡಿದ್ದು ಸರಿಯಿತ್ತಾ ಅಂತ ಪರೀಕ್ಷೆ ಮಾಡೋಕೆ."

ಆ ಗುರುವಾರ ಹನ್ನೊಂದೂವರೆಗೆ ಒಬ್ಬ ತಾಯಿ ಅವಳಿ ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದಳು. ಏಳೆಂಟು ವರ್ಷದ ಮಕ್ಕಳು. ದೊಡ್ಡವಳಿಗೆ ಕಿವಿ ಚೆನ್ನಾಗಿ ಕೇಳುತ್ತದೆ. ಚಿಕ್ಕವಳಿಗೆ ಹುಟ್ಟಿನಿಂದ ಕೇಳದು. ಅವಳ ಕಿವಿಯ ಹಿಂದೆ, ಚರ್ಮದೊಳಗೆ ಒಂದು ಸಾಧನ ಕೂರಿಸಿದ್ದಾರೆ. ಹೊರಗೆ ಹಾಕುವ ಇನ್ನೊಂದು ಭಾಗ ಸದ್ದನ್ನು ಹಿಡಿದು ಒಳಗೆ ಕಳಿಸಬೇಕು. ಆ ಹೊರಭಾಗ ಒಂಬತ್ತು ದಿನದ ಹಿಂದೆ ನೀರಿನ ಬಕೆಟ್ಟಿಗೆ ಬಿದ್ದು ಸತ್ತುಹೋಗಿತ್ತು. ಹೊಸದು ಅಂದು ಬಂದಿತ್ತು.

"ಇವಳ ಹತ್ರ ಜಗಳ ಆಡೋಕೂ ಆಗ್ತಿಲ್ಲ ಆಂಟಿ," ಎಂದು ದೊಡ್ಡವಳು ನನ್ನ ಮೇಜಿಗೆ ಗಲ್ಲವೂರಿ ದೂರು ಹೇಳಿದಳು. "ಬೈದ್ರೆ ನಗ್ತಾಳೆ. ಮಜಾನೇ ಇಲ್ಲ."

ಹೊಸದನ್ನು ಹಾಗೇ ಹಾಕಲಾಗುವುದಿಲ್ಲ. ಯಾವ ಸದ್ದು ಎಷ್ಟು ಜೋರಾಗಿ ಒಳಗೆ ಹೋಗಬೇಕೆಂಬ ಅಳತೆಯನ್ನು ಮೊದಲು ಅದಕ್ಕೆ ತುಂಬಬೇಕು. ನಮ್ಮ ಶ್ರವಣತಜ್ಞೆ ಎರಡು ವರ್ಷ ಆ ಮಗುವಿನ ಎದುರು ಕೂತು, ಕಣ್ಣು ಮಿಟುಕಿಸಿತೇ, ಬೆಚ್ಚಿತೇ ಎಂದು ನೋಡಿ ನೋಡಿ ಕೂಡಿಸಿದ ಅಳತೆ ಅದು. ಆಕೆ ದಾಖಲೆ ತೆರೆದರೆ ಅಲ್ಲಿ ಏನೂ ಇರಲಿಲ್ಲ. ಮಗುವಿನ ನಂಬರ್ ಹಾಕಿದರೆ ಅಕ್ಕನ ಹೆಸರು ಬರುತ್ತಿತ್ತು.

"ಮತ್ತೆ ಮೊದಲಿಂದ ಅಂದ್ರೆ ಎಷ್ಟು ದಿನ ಮೇಡಂ?" ತಾಯಿ ಕೇಳಿದಳು.

"ದಿನ ಅಲ್ಲಮ್ಮ. ತಿಂಗಳುಗಳು."

ಶ್ರವಣತಜ್ಞೆ ಮೆಟ್ಟಿಲಿಳಿದು ಓಡಿದರು. ಹಿಂದೆಯೇ ಮ್ಯಾನೇಜರ್. ಬಾಗಿಲು ತೆರೆದೇ ಇದ್ದದ್ದರಿಂದ ಮಾತೆಲ್ಲ ಮೇಲಕ್ಕೆ ಕೇಳುತ್ತಿತ್ತು.

"ಹಳೇ ಪ್ರತಿ ಹಾಕಿಬಿಡಿ, ಮುಗೀತು," ಮ್ಯಾನೇಜರ್ ಅಂದರು.

"ಹಾಕಿದ್ರೆ ದಾಖಲೆ ಯಂತ್ರ ಪೂರ್ತಿ ಹಿಂದಕ್ಕೆ ಹೋಗುತ್ತೆ ಸಾರ್," ಜೋಪಾನಣ್ಣ ಅಂದರು. "ಆಮೇಲೆ ಬಂದ ಅಷ್ಟೂ ಮಕ್ಕಳ ಅಳತೆ ಹೋಗುತ್ತೆ. ಒಂದು ಲೋಟ ಕಳೆದುಹೋಯ್ತು ಅಂತ ಮನೇನೇ ಕೆಡವಿ ಹಳೇ ಮನೆ ಕಟ್ತೀರಾ? ನಂಗೆ ಲೋಟ ಸಾಕು. ಪ್ರತಿಯನ್ನ ಪಕ್ಕದಲ್ಲಿ ತೆರೆದು, ಒಳಗೆ ಹೋಗಿ, ಅವಳದ್ದೊಂದೇ ತರ್ತೀನಿ."

"ತರೋಕೆ ಬರುತ್ತಾ?"

"ಶುಕ್ರವಾರ ಶುಕ್ರವಾರ ಅದನ್ನೇ ತಾನೇ ಸಾರ್ ಮಾಡ್ತಿದ್ದಿದ್ದು."

ಮ್ಯಾನೇಜರ್ ಕುರ್ಚಿ ಎಳೆದುಕೊಂಡ ಸದ್ದು ಕೇಳಿತು.

ನಿನ್ನೆಯ ಪ್ರತಿಯಲ್ಲಿ ದಾಖಲೆ ಇರಲಿಲ್ಲ. ಆರು ದಿನದ ಹಿಂದಿನದರಲ್ಲೂ ಇರಲಿಲ್ಲ. ಒಂದೊಂದು ತೆರೆಯಲು ಕಾಲು ಗಂಟೆ. ಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು. ಯಾವತ್ತು ಹೋಯಿತೆಂದು ಗೊತ್ತಿಲ್ಲದೆ ಕತ್ತಲೆಯಲ್ಲಿ ಕೈಯಾಡಿಸಿದ ಹಾಗಿತ್ತು. ನಾನು ಕರೆಗಳನ್ನು ಜೋಡಿಸುತ್ತಲೇ ಒಳಗೊಳಗೇ ಭಗವಂತನನ್ನು ನೆನೆಯುತ್ತಿದ್ದೆ.

ಆಗ ದಾಖಲೆ ವಿಭಾಗದ ಗುಮಾಸ್ತೆ ಬಂದು ನನ್ನ ಪಕ್ಕ ನಿಂತಳು. ಕೈಯಲ್ಲಿದ್ದ ಕರವಸ್ತ್ರ ಹಗ್ಗದಂತೆ ಹುರಿಯಾಗಿತ್ತು. ನಾನು ಕುರ್ಚಿ ಸರಿಸಿದೆ.

"ಅಕ್ಕಾ, ನಾನೇ," ಎಂದಳು. ಒಬ್ಬರಿಗೇ ಎರಡೆರಡು ನಂಬರ್ ಆಗಿದ್ದನ್ನು ಒಂದು ಮಾಡಲು ಅವಳಿಗೆ ಹೇಳಿದ್ದರಂತೆ. ಹುಟ್ಟಿದ ದಿನ ಒಂದೇ, ಫೋನ್ ಒಂದೇ, ಮನೆ ಒಂದೇ, ಹೆಸರಿನಲ್ಲೂ ಒಂದೇ ಅಕ್ಷರದ ವ್ಯತ್ಯಾಸ. ಇಬ್ಬರೂ ಒಬ್ಬರೇ ಏನು ಎಂದು ಪರದೆ ಕೇಳಿತು. ಇವಳು ಹೌದು ಒತ್ತಿದಳು. ಅವಳಿಗಳಿರಬಹುದು ಎಂದು ಹೊಳೆಯಲೇ ಇಲ್ಲ. ಅಕ್ಕನಿಗೆ ಯಾವಾಗಲೋ ಒಮ್ಮೆ ಕಿವಿ ಪರೀಕ್ಷೆ ಆಗಿತ್ತು, ಅವಳ ನಂಬರ್ ಉಳಿಯಿತು. ತಂಗಿಯದು ಅಳಿಯಿತು.

"ಕೆಲಸ ಹೋಗುತ್ತೆ ಅಲ್ವಾ ಅಕ್ಕಾ?"

"ಅದು ಆಮೇಲಿನ ಮಾತು. ಯಾವತ್ತು ಒತ್ತಿದೆ, ಅದನ್ನ ಹೇಳು."

"ರೆಕಾರ್ಡ್ ರೂಮಿಗೆ ನೀರು ನುಗ್ಗಿತ್ತಲ್ಲ, ಫೈಲ್ ಎಲ್ಲ ಮೇಜಿನ ಮೇಲಿಟ್ಟಿದ್ವಲ್ಲ, ಅವತ್ತು. ಊಟ ಆದ್ಮೇಲೆ."

ನಲ್ಲಿ ರಿಪೇರಿಯವನಿಗೆ ಅವತ್ತು ಫೋನ್ ಮಾಡಿದವಳು ನಾನೇ. ಕರೆಗಳ ಪುಸ್ತಕ ತಿರುವಿದೆ. ಎರಡು ವಾರದ ಹಿಂದಿನ ಗುರುವಾರ. ಸರಿಯಾಗಿ ಹದಿನಾಲ್ಕು ದಿನ. ಮಗುವಿನ ದಾಖಲೆ ಉಳಿದಿದ್ದರೆ ಅದು ಆ ಗುರುವಾರ ಒಂದು ಗಂಟೆಗೆ ತೆಗೆದ ಪ್ರತಿಯಲ್ಲಿ ಮಾತ್ರ. ಈಗ ಹನ್ನೆರಡೂ ಮುಕ್ಕಾಲು. ಇನ್ನು ಕಾಲು ಗಂಟೆಗೆ ಅಳಿಯಬೇಕಾದದ್ದೂ ಅದೇ.

ಗುಮಾಸ್ತೆಯ ಕೈ ಹಿಡಿದು ಕೆಳಗೆ ಓಡಿದೆ. ಅವಳೇ ಎಲ್ಲ ಹೇಳಿದಳು, ಒಂದೇ ಉಸಿರಿನಲ್ಲಿ. ಜೋಪಾನಣ್ಣ ಬೈಯಲಿಲ್ಲ. "ದಿನ ಹೇಳಿದ್ಯಲ್ಲ ತಾಯಿ, ಅರ್ಧ ಕೆಲಸ ಆಯ್ತು," ಎಂದು ಪರದೆಯ ಕಡೆ ತಿರುಗಿದರು.

ಅಂದಿನ ಬ್ಯಾಕಪ್ಪನ್ನು ತಡೆದರು. ಹನ್ನೊಂದು ವರ್ಷದಲ್ಲಿ ಒಂದು ದಿನವೂ ತಪ್ಪದೆ ನಡೆದದ್ದು ಅದು. ಬೆರಳು ಗುಂಡಿಯ ಮೇಲೆ ಒಂದು ಗಳಿಗೆ ನಿಂತದ್ದನ್ನು ನಾನು ನೋಡಿದೆ. ಆಮೇಲೆ ಹಳೆಯ ಪ್ರತಿಯನ್ನು ಬೇರೆ ಯಾವುದಕ್ಕೂ ತಾಕದ ಹಾಗೆ ಒಂದು ಮೂಲೆಯಲ್ಲಿ ತೆರೆದರು. ಆ ಗುರುವಾರದ ಆಸ್ಪತ್ರೆ ಪರದೆಯ ಮೇಲೆ ನಿಧಾನವಾಗಿ ಕಣ್ಣುಬಿಟ್ಟಿತು. ಮಗುವಿನ ಹಳೆಯ ನಂಬರ್ ಒತ್ತಿದರು.

ಅಳತೆಗಳ ಇಪ್ಪತ್ತೆರಡು ಪುಟ್ಟ ಕಂಬಗಳು ಸಾಲಾಗಿ ಮೂಡಿದವು. ಶ್ರವಣತಜ್ಞೆ ಬಾಯಿಗೆ ಕೈ ಅಡ್ಡ ಹಿಡಿದರು. "ಇದು ನಂದೇ. ಈ ಏಳನೇದನ್ನ ತಗ್ಗಿಸೋಕೆ ಎರಡು ತಿಂಗಳು ಒದ್ದಾಡಿದ್ದೆ."

"ಜೋಪಾನ ಮೇಡಂ, ಖುಷಿ ಆಮೇಲೆ ಪಡೋಣ. ಕಿವಿಯೊಳಗಿನ ಸಾಧನದ ನಂಬರ್ ತಾಳೆಯಾಗಬೇಕು."

ಗುಮಾಸ್ತೆ ಮೇಲೆ ಓಡಿ ತಾಯಿಯ ಬಳಿಯಿದ್ದ ಸಾಧನದ ಕಾರ್ಡು ತಂದು ಗಟ್ಟಿಯಾಗಿ ಓದಿದಳು. ಜೋಪಾನಣ್ಣ ಒಂದೊಂದು ಅಂಕಿಗೂ ತಲೆಯಾಡಿಸಿದರು. ಎರಡನೆಯ ಸಲ ಓದಿಸಿದರು. ಆಮೇಲೆ ಆ ಒಂದೇ ದಾಖಲೆಯನ್ನು ಹೊರತೆಗೆದು, ಇಂದಿನ ಯಂತ್ರದಲ್ಲಿ ಮಗುವಿಗೆ ಬೇರೆ ನಂಬರ್ ಕೊಟ್ಟು ಒಳಗಿಟ್ಟರು. ಬೇರೆ ಯಾವ ಮಗುವಿನ ದಾಖಲೆಯೂ ಒಂದಿಷ್ಟೂ ಅಲುಗಲಿಲ್ಲ.

ಊಟದ ಬಿಡುವಿನಲ್ಲಿ ಅಂದು ಯಾರೂ ಊಟಕ್ಕೆ ಹೋಗಲಿಲ್ಲ. ಶ್ರವಣತಜ್ಞೆಯ ಕೋಣೆಯ ಬಾಗಿಲಲ್ಲಿ ಗುಂಪಾಗಿ ನಿಂತಿದ್ದೆವು. ಹೊಸ ಸಾಧನಕ್ಕೆ ಅಳತೆ ತುಂಬಿ ಚಿಕ್ಕವಳ ಕಿವಿಗೆ ಸಿಕ್ಕಿಸಿದರು. ಅವಳು ನಮಗೆ ಬೆನ್ನು ಮಾಡಿ ಕೂತಿದ್ದಳು, ಅಲುಗಾಡದೆ. ತಾಯಿ ಕರೆಯಲೆಂದು ಸೆರಗಿನಿಂದ ಕಣ್ಣೊರೆಸಿಕೊಂಡು ಮುಂದೆ ಬಂದಳು.

ದೊಡ್ಡವಳು ಅಷ್ಟು ಕಾಯುವವಳಲ್ಲ. ನಮ್ಮ ಕಾಲುಗಳ ನಡುವೆ ನುಸುಳಿ, ಹಿಂದಿನಿಂದ ಮೆಲ್ಲಗೆ ಅಂದಳು, "ಏ ಮೊದ್ದು."

ಚಿಕ್ಕವಳು ಗಿರ್ರನೆ ತಿರುಗಿದಳು. "ನೀನೇ ಮೊದ್ದು."

ಅಲ್ಲಿಂದ ಮುಂದೆ ಅವರಿಬ್ಬರ ಜಗಳ ಬಿಡಿಸಲು ಯಾರಿಗೂ ಮನಸ್ಸಾಗಲಿಲ್ಲ. ತಾಯಿ ಗೋಡೆಗೊರಗಿ ನಗುತ್ತ ಅಳುತ್ತಿದ್ದಳು. ಮ್ಯಾನೇಜರ್ ಗುಮಾಸ್ತೆಯನ್ನು ಕರೆದು, "ಹೌದು ಒತ್ತೋ ಮುಂಚೆ ಇನ್ನೊಬ್ಬರಿಗೆ ತೋರಿಸು. ನಾಳೆಯಿಂದ ಅದೇ ನಿಯಮ," ಎಂದರು. ನಾಳೆಯಿಂದ ಎಂಬ ಮಾತು ಕೇಳಿ ಅವಳ ಕರವಸ್ತ್ರದ ಹುರಿ ಬಿಚ್ಚಿತು.

ಜೋಪಾನಣ್ಣ ಮಾತ್ರ ಅಲ್ಲಿರಲಿಲ್ಲ. ಇಳಿದು ನೋಡಿದರೆ, ತಡೆದಿಟ್ಟ ಬ್ಯಾಕಪ್ಪನ್ನು ಮತ್ತೆ ಶುರು ಮಾಡಿ ನೋಟ್‌ಬುಕ್ ಹಿಡಿದು ಕೂತಿದ್ದರು. ಸಮಯದ ಜಾಗದಲ್ಲಿ ಒಂದು ಗಂಟೆಯ ಬದಲು ಎರಡೂಕಾಲು ಎಂದು ಬರೆದಿತ್ತು.

"ಅಣ್ಣಾ, ಬೇಗ ಬನ್ನಿ. ಆ ಮಗು ಮಾತಾಡ್ತಿದೆ."

"ಬರ್ತೀನಿ ತಂಗಿ, ಇದು ಮುಗೀಲಿ," ಎಂದರು. "ಇವತ್ತಿನ ಪ್ರತಿ ಇದು. ಇದ್ರಲ್ಲಿ ಅವಳಿದ್ದಾಳೆ."